ಮುಚ್ಚಳಿಕೆ ಮಕ್ಕಳದ್ದು, ಬೀರುವಿನ ಕೀಲಿ ಯಾರದ್ದು?

“ಪುಕ್ಕಟೆ ಕೊಟ್ಟರೆ ಹುಡುಗರಿಗೆ ಬೆಲೆ ಗೊತ್ತಾಗಲ್ಲ.” ಈ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಟ್ಟಿಲ್ಲ. ಹೆಡ್‌ಮಾಸ್ತರ ಕೋಣೆಯಲ್ಲಿ ಕೇಳಿದ್ದೇವೆ, ಬಿಇಒ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕೇಳಿದ್ದೇವೆ, ತಾಲ್ಲೂಕು ಕೇಂದ್ರದ ಚಹಾದಂಗಡಿಯಲ್ಲಿ ನಮ್ಮದೇ ವೃತ್ತಿಯ ಹಿರಿಯರ ಬಾಯಲ್ಲೂ ಕೇಳಿದ್ದೇವೆ. ಶಾಲೆಗೆ ಬಂದ ಲ್ಯಾಪ್‌ಟಾಪ್ ಮೂರೇ ತಿಂಗಳಿಗೆ ಮೂಲೆ ಸೇರಿತು, ಕಾಲೇಜಿನಲ್ಲಿ ಕೊಟ್ಟದ್ದನ್ನು ಹುಡುಗ ಮಾರಿಕೊಂಡ, ಹಾಸ್ಟೆಲಿನಲ್ಲಿ ಸ್ಕ್ರೀನ್ ಒಡೆದರು. ಹೀಗೆ ಶುರುವಾದ ಮಾತು ಕೊನೆಗೆ ಬಂದು ನಿಲ್ಲುವುದು ಒಂದೇ ಜಾಗದಲ್ಲಿ: ಈಗಿನ ಹುಡುಗರಿಗೆ ಜವಾಬ್ದಾರಿ ಇಲ್ಲ.

ಕೊಟ್ಟ ವಸ್ತುವನ್ನು ಜೋಪಾನ ಮಾಡುವುದು ವಿದ್ಯಾರ್ಥಿಯ ಕೆಲಸ ಎಂಬುದರಲ್ಲಿ ನಮಗೆ ತಕರಾರಿಲ್ಲ. ಅದು ಜನರ ದುಡ್ಡು. ಒಬ್ಬರು ಕೆಡಿಸಿದರೆ ಮುಂದಿನ ವರ್ಷ ಬರುವ ತಮ್ಮ ತಂಗಿಯರಿಗೆ ಸಿಗುವುದಿಲ್ಲ. ತಕರಾರು ಇರುವುದು ಜವಾಬ್ದಾರಿ ಎಂಬ ಪದವನ್ನು ನಮ್ಮ ಶಾಲೆ-ಕಾಲೇಜುಗಳು ಬಳಸುತ್ತಿರುವ ರೀತಿಯ ಬಗ್ಗೆ. ಮುಟ್ಟಲು ಬಿಡದೆ, ಬಳಸುವುದನ್ನು ಕಲಿಸದೆ, ರಿಪೇರಿಗೆ ದಾರಿ ತೋರಿಸದೆ, ಕೆಟ್ಟ ದಿನ ಮಾತ್ರ ಹುಡುಗರ ಹೆಸರು ಕೂಗುವುದಕ್ಕೆ ನಮ್ಮ ಕಡೆ ವಸೂಲಿ ಎನ್ನುತ್ತಾರೆ.

ಈ ರಾಜ್ಯದಲ್ಲಿ ವಿದ್ಯಾರ್ಥಿಗಳ ಕೈಗೆ ಕಂಪ್ಯೂಟರ್ ಬರುವ ದಾರಿಗಳು ಒಂದೆರಡಲ್ಲ. ಸರ್ಕಾರಿ ಪ್ರೌಢಶಾಲೆಗಳಿಗೆ 2001ರ ಹೊತ್ತಿಗೆ ಮಾಹಿತಿ ಸಿಂಧು ಯೋಜನೆಯಲ್ಲಿ ಕಂಪ್ಯೂಟರ್ ಬಂದವು. ಆಮೇಲೆ ಕೇಂದ್ರದ ಐಸಿಟಿ ಯೋಜನೆ ಬಂತು, ಆಮೇಲೆ ಟಾಲ್ಪ್ ಬಂತು, ಅದರಲ್ಲಿ ಲ್ಯಾಪ್‌ಟಾಪ್‌ಗಳು ಬಂದವು. ಪದವಿ ಕಾಲೇಜುಗಳಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಕೊಟ್ಟರು. ಕೋವಿಡ್ ಕಾಲದಲ್ಲಿ, 2021ರಲ್ಲಿ, ಸರ್ಕಾರಿ ಪದವಿ, ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಿದರು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕಾರ್ಮಿಕರ ಮಕ್ಕಳಿಗೆ ಕೊಟ್ಟಿದೆ. ಇವುಗಳಲ್ಲಿ ಕೆಲವು ವಿದ್ಯಾರ್ಥಿಗೇ ಸೇರುತ್ತವೆ, ಕೆಲವು ಸಂಸ್ಥೆಯ ಸ್ವತ್ತಾಗಿ ಉಳಿಯುತ್ತವೆ. ಈ ವ್ಯತ್ಯಾಸ ಪಡೆಯುವವರಿಗೆ ಎಷ್ಟೋ ಸಲ ತಿಳಿದೇ ಇರುವುದಿಲ್ಲ. ಹಂಚುವ ದಿನ ಶಾಮಿಯಾನ, ಹಾರ, ಫೋಟೋ, ನಮ್ಮಂಥವರಿಂದ ಒಂದು ಎರಡು ಕಾಲಂ ಸುದ್ದಿ. ಮರುದಿನ ಮುಚ್ಚಳಿಕೆ.

ನಮ್ಮ ಕೈಗೆ ಸಿಕ್ಕ ಮುಚ್ಚಳಿಕೆ ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದೆವು. ಹೆಚ್ಚಿನವು ಕಂಪ್ಯೂಟರಿನಲ್ಲಿ ಒಂದರಿಂದ ಒಂದು ನಕಲು ಮಾಡಿದವು. ಒಂದರಲ್ಲಂತೂ ಬೇರೆ ಶಾಲೆಯ ಹೆಸರನ್ನು ತೆಗೆಯುವುದನ್ನೂ ಮರೆತಿದ್ದರು. ಧಾಟಿ ಒಂದೇ. ಲ್ಯಾಪ್‌ಟಾಪಿಗೆ “ಯಾವುದೇ ರೀತಿಯ ಹಾನಿ” ಆದರೆ ಅದರ ಪೂರ್ಣ ಮೊತ್ತವನ್ನು ನಾನು ಅಥವಾ ನನ್ನ ಪೋಷಕರು ಭರಿಸುತ್ತೇವೆ. ಕಳೆದುಹೋದರೆ ನಾನೇ ಹೊಣೆ. ಕಾಲೇಜು ಬಿಡುವಾಗ ಸುಸ್ಥಿತಿಯಲ್ಲಿ ಒಪ್ಪಿಸುತ್ತೇನೆ. ತಪ್ಪಿದರೆ ಸಂಸ್ಥೆ ಕೈಗೊಳ್ಳುವ ಕ್ರಮಕ್ಕೆ ಬದ್ಧ. ಎಲ್ಲ ಸಾಲುಗಳೂ “ನಾನು” ಎಂದೇ ಶುರು. ಸಂಸ್ಥೆ ಏನು ಮಾಡುತ್ತದೆ ಎಂಬ ಒಂದೇ ಒಂದು ಸಾಲು ನಮಗೆ ಸಿಗಲಿಲ್ಲ. ವಾರಂಟಿ ಎಷ್ಟು ವರ್ಷ, ಕೆಟ್ಟರೆ ಯಾರಿಗೆ ಹೇಳಬೇಕು, ಎಷ್ಟು ದಿನದಲ್ಲಿ ಸರಿಮಾಡಿ ಕೊಡುತ್ತಾರೆ, ಬ್ಯಾಟರಿ ಸವೆದರೆ ಬದಲಿಸುವವರು ಯಾರು? ಏನೂ ಇಲ್ಲ.

ಒಂದು ಸಣ್ಣ ಕಾನೂನಿನ ಮಾತು ಹೇಳಿಬಿಡುತ್ತೇವೆ. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಮಿನ ಪ್ರಕಾರ ಹದಿನೆಂಟು ತುಂಬದವರಿಗೆ ಕರಾರು ಮಾಡಿಕೊಳ್ಳುವ ಅರ್ಹತೆಯಿಲ್ಲ. ಅಂಥವರ ಸಹಿಯ ಕರಾರು ಮೊದಲಿನಿಂದಲೇ ಅನೂರ್ಜಿತ ಎಂದು 1903ರಲ್ಲೇ, ಮೊಹೊರಿ ಬೀಬಿ ಪ್ರಕರಣದಲ್ಲಿ, ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿದೆ. ಕಾನೂನು ಓದುವ ಹುಡುಗರಿಗೆ ಇದು ಮೊದಲ ವರ್ಷದ ಪಾಠ. ಅಂದರೆ ಹದಿನಾಲ್ಕು ವರ್ಷದ ಹುಡುಗಿಯಿಂದ ಬರೆಸಿಕೊಂಡ ಮುಚ್ಚಳಿಕೆಯನ್ನು ತೋರಿಸಿ ಅವಳ ಮೇಲೆ ಹಣ ಹೊರಿಸಲು ಬರುವುದಿಲ್ಲ. ಅಪ್ಪನೋ ಅವ್ವನೋ ಓದಿ, ತಿಳಿದು ಸಹಿ ಹಾಕಿದ್ದರೆ ಅದು ಬೇರೆ ವಿಚಾರ. ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿದ್ದರೆ “ಓದಿ, ತಿಳಿದು” ಎನ್ನುವ ಮಾತು ಎಲ್ಲಿಗೆ ಬಂತು?

ಕಾನೂನು ಹಾಗೆ ಹೇಳಿದರೂ ಕಾಗದದ ಹೆದರಿಕೆ ತನ್ನ ಕೆಲಸ ಮಾಡುತ್ತದೆ. ನಮ್ಮ ಭಾಗದ ಒಂದು ವಸತಿ ಶಾಲೆಯಲ್ಲಿ ನಡೆದದ್ದನ್ನು ಹೇಳುತ್ತೇವೆ. ಶಾಲೆಯ ಹೆಸರು ಬೇಡ, ಹೆಸರು ಹೇಳಿದರೆ ಹುಡುಗಿ ಯಾರೆಂದು ಊರಿಗೆಲ್ಲ ಗೊತ್ತಾಗುತ್ತದೆ. ಎಂಟನೇ ತರಗತಿಯ ಹುಡುಗಿ. ವಿಜ್ಞಾನ ಪ್ರದರ್ಶನಕ್ಕೆ ತಯಾರಿ ಮಾಡಿಕೊಳ್ಳಲು ಮೇಡಂ ಒಪ್ಪಿಗೆಯಿಂದಲೇ ಲ್ಯಾಬಿನ ಲ್ಯಾಪ್‌ಟಾಪನ್ನು ಹಾಸ್ಟೆಲಿಗೆ ಒಯ್ದಿದ್ದಳು. ಅಲ್ಲಿ ಟೇಬಲ್ ಇಲ್ಲ, ಎರಡಂತಸ್ತಿನ ಕಬ್ಬಿಣದ ಮಂಚ ಇದೆ. ಮೇಲಿನ ಮಂಚದಿಂದ ಇಳಿಯುವ ಗೆಳತಿಯ ಕಾಲು ಚಾರ್ಜರಿನ ವೈರಿಗೆ ಸಿಕ್ಕಿ ಲ್ಯಾಪ್‌ಟಾಪ್ ಕೆಳಗೆ ಬಿತ್ತು. ಸ್ಕ್ರೀನ್ ಸೀಳಿತು. ಅದೇ ವರ್ಷ ಅಪ್ಪ-ಅವ್ವ ಗುಳೆ ಹೋಗುವ ಊರು ಬದಲಾಗಿ, ಮಗಳನ್ನು ತಮ್ಮ ಹತ್ತಿರದ ಶಾಲೆಗೆ ಸೇರಿಸಲು ಟಿ.ಸಿ. ಕೇಳಲು ಬಂದರು. ಆರೂವರೆ ಸಾವಿರ ಕಟ್ಟಿ, ಟಿ.ಸಿ. ಒಯ್ಯಿರಿ ಎಂದು ಹೇಳಿ ಕಳಿಸಿದರು. “ಹುಡುಗಿ ಬೇಕಂತ ಕೆಡವಿಲ್ರೀ ಸರ” ಎಂದದ್ದಕ್ಕೆ ಸಿಕ್ಕ ಉತ್ತರ, “ಮುಚ್ಚಳಿಕೆ ಬರಕೊಟ್ಟೀರಲ್ಲಪಾ.”

ನಮ್ಮ ರಾಜ್ಯಕ್ಕೆ 2025–26ರ ಸಾಲಿಗೆ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಎಂದು ನಿಗದಿಯಾಗಿತ್ತು. ಆರೂವರೆ ಸಾವಿರ ಎಂದರೆ ಹದಿನೆಂಟು ದಿನ ಮಣ್ಣು ಹೊರುವ ದುಡ್ಡು, ಅದೂ ಊಟಕ್ಕೆ ಒಂದು ರೂಪಾಯಿಯೂ ಮುಟ್ಟದೆ. ಹುಡುಗಿ ಎರಡೂವರೆ ತಿಂಗಳು ಯಾವ ಶಾಲೆಯ ಹಾಜರಿಯಲ್ಲೂ ಇರಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ಎಂಟನೇ ತರಗತಿವರೆಗಿನ ಮಗುವಿಗೆ ಟಿ.ಸಿ.ಯನ್ನು ತಕ್ಷಣ ಕೊಡಬೇಕು ಎನ್ನುತ್ತದೆ, ಟಿ.ಸಿ. ತಡವಾಯಿತೆಂದು ಹೊಸ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದೂ ಹೇಳುತ್ತದೆ. ಎರಡೂ ಶಾಲೆಯವರಿಗೆ ಇದು ಗೊತ್ತಿರಲಿಲ್ಲ ಎಂದು ನಾವು ನಂಬುವುದಿಲ್ಲ. ಕೊನೆಗೆ ಸಂಬಂಧಿಕರೊಬ್ಬರು ಬಡ್ಡಿಗೆ ತಂದು ಕಟ್ಟಿದರು. ರಸೀದಿ ಕೊಡಲಿಲ್ಲ. ಸೀಳಿದ ಸ್ಕ್ರೀನಿನ ಲ್ಯಾಪ್‌ಟಾಪ್ ನಾವು ಹೋದಾಗಲೂ ಹಾಗೆಯೇ ಬೀರುವಿನಲ್ಲಿತ್ತು.

ಈ “ಯಾವುದೇ ರೀತಿಯ ಹಾನಿ” ಎಂಬ ಮಾತಿನಲ್ಲೇ ಎಡವಟ್ಟಿದೆ. ಲ್ಯಾಪ್‌ಟಾಪ್ ಕೆಡುವುದು ಹಲವು ಕಾರಣಕ್ಕೆ. ಬ್ಯಾಟರಿ ಸವೆಯುವ ವಸ್ತು, ಟ್ರ್ಯಾಕ್ಟರಿನ ಟೈರಿನ ಹಾಗೆ. ಸಾಮಾನ್ಯವಾಗಿ ಮುನ್ನೂರರಿಂದ ಐನೂರು ಸಲ ಪೂರ್ತಿ ಚಾರ್ಜ್ ಆಗಿ ಇಳಿದ ಮೇಲೆ ಅದರ ಶಕ್ತಿ ಕುಗ್ಗುತ್ತದೆ, ಎಷ್ಟೇ ಜೋಪಾನ ಮಾಡಿದರೂ. ಕೀಲು ಸಡಿಲಾಗುತ್ತದೆ, ಕೀಬೋರ್ಡಿನ ಅಕ್ಷರ ಅಳಿಸುತ್ತದೆ. ಇದಕ್ಕೆ ಹುಡುಗರು ದುಡ್ಡು ಕೊಡಬೇಕು ಎನ್ನುವುದು ಬಸ್ಸಿನ ಟೈರು ಸವೆಸಿದ್ದಕ್ಕೆ ಪ್ರಯಾಣಿಕರಿಂದ ದಂಡ ಕೇಳಿದ ಹಾಗೆ. ಇನ್ನು ಕರೆಂಟಿನಿಂದ ಕೆಡುವುದು. ಪಂಪ್‌ಸೆಟ್ಟುಗಳೆಲ್ಲ ಒಮ್ಮೆಗೇ ಶುರುವಾದರೆ ಬಲ್ಬು ಮಂಕಾಗುವ, ಕರೆಂಟು ಹೋಗಿ ಬಂದಾಗ ವೋಲ್ಟೇಜ್ ಜಿಗಿಯುವ ಊರುಗಳು ನಮ್ಮವು. ಎಷ್ಟೋ ಮನೆಗಳ ಪ್ಲಗ್ಗಿನಲ್ಲಿ ಅರ್ಥಿಂಗ್ ಇರುವುದಿಲ್ಲ, ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿಗೆ ಹೊಂದಿಸಿ ಚುಚ್ಚುತ್ತಾರೆ. ಸುಟ್ಟುಹೋದ ಚಾರ್ಜರು ಹುಡುಗನ ಬೇಜವಾಬ್ದಾರಿಯೋ, ವಿದ್ಯುತ್ ಸರಬರಾಜಿನದೋ? ಆಮೇಲೆ ಕೈತಪ್ಪಿ ಬೀಳುವುದು ಇದೆ. ಕೊನೆಗೆ, ಬೇಕೆಂದೇ ಕೆಡಿಸುವುದು, ಮಾರುವುದು ಇದೆ. ಈ ಕೊನೆಯದಕ್ಕೆ ದಂಡ ಹಾಕಿ, ನಾವು ಅಡ್ಡ ಬರುವುದಿಲ್ಲ. ಮಾರಿಕೊಂಡವನಿಗೆ ಹಾಕುವ ದಂಡವನ್ನೇ ಬ್ಯಾಟರಿ ಸವೆದವಳಿಗೂ ಹಾಕಿದರೆ, ಮಾರಿಕೊಂಡವನೇ ಜಾಣ ಅನಿಸಿಕೊಳ್ಳುತ್ತಾನೆ. ಅವನಿಗೆ ದುಡ್ಡಾದರೂ ಸಿಕ್ಕಿತು.

ಇದಕ್ಕಿಂತ ನಮಗೆ ಹೆಚ್ಚು ಕಳವಳ ತಂದದ್ದು ಇನ್ನೊಂದು. ದಂಡದ ಹೆದರಿಕೆ ಇರುವ ಕಡೆ ಹುಡುಗರು ಕೆಟ್ಟದ್ದನ್ನು ಹೇಳುವುದಿಲ್ಲ, ಮುಚ್ಚಿಡುತ್ತಾರೆ. ಕೀಲು ಸಡಿಲಾದ ದಿನವೇ ಹೇಳಿದರೆ ಎರಡು ಸ್ಕ್ರೂ ಬಿಗಿದು ಮುಗಿಯುವ ಕೆಲಸ. ಹೇಳದೆ ಬಿಟ್ಟರೆ ಒಳಗಿನ ಡಿಸ್‌ಪ್ಲೇ ಕೇಬಲ್ ಉಜ್ಜಿ ಉಜ್ಜಿ ತುಂಡಾಗಿ ಸಾವಿರಾರು ರೂಪಾಯಿಗೆ ಬರುತ್ತದೆ. ಬ್ಯಾಟರಿಯದು ಇನ್ನೂ ಗಂಭೀರ. ಲಿಥಿಯಂ ಬ್ಯಾಟರಿ ಹಳತಾಗಿಯೋ ಬಿಸಿಗೋ ಉಬ್ಬುವುದುಂಟು. ಟಚ್‌ಪ್ಯಾಡ್ ಮೇಲಕ್ಕೆ ಎದ್ದಂತಾಗುತ್ತದೆ, ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಉಬ್ಬಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕಬಾರದು, ಒತ್ತಬಾರದು, ಚುಚ್ಚಬಾರದು. ಹಾಗೆ ಮಾಡಿದರೆ ಬೆಂಕಿ ಹೊತ್ತಿಕೊಳ್ಳಬಹುದು, ನೀರು ಚೆಲ್ಲಿದರೆ ಸುಲಭಕ್ಕೆ ಆರುವ ಬೆಂಕಿಯೂ ಅದಲ್ಲ. ಒಂದು ಹಾಸ್ಟೆಲಿನಲ್ಲಿ ಒಬ್ಬ ಹುಡುಗ ಉಬ್ಬಿ ನಿಂತ ಲ್ಯಾಪ್‌ಟಾಪಿನ ಮೇಲೆ ಟ್ರಂಕು ಹೇರಿ ಇಟ್ಟಿದ್ದನ್ನು ನಾವು ನೋಡಿದ್ದೇವೆ, ಮುಚ್ಚಳ ಕೂರಲಿ ಎಂದು. ಹೇಳಿದರೆ ದಂಡ ಹಾಕುತ್ತಾರೆ ಎಂಬುದು ಅವನ ಲೆಕ್ಕ. ಆ ಕೋಣೆಯಲ್ಲಿ ಹದಿನಾರು ಹುಡುಗರು ಮಲಗುತ್ತಾರೆ. ಅವನ ಕೈಲಿ ಮುಚ್ಚಳಿಕೆ ಬರೆಸಿಕೊಂಡವರು ಉಬ್ಬಿದ ಬ್ಯಾಟರಿ ಹೇಗಿರುತ್ತದೆ ಎಂದು ಒಂದು ಸಲವೂ ಹೇಳಿರಲಿಲ್ಲ.

ಸಂಸ್ಥೆಗಳ ಜೋಪಾನ ಹೇಗಿದೆ ನೋಡೋಣ. ಪ್ರೌಢಶಾಲೆಗೆ ಲ್ಯಾಪ್‌ಟಾಪ್ ಬಂದ ಕೂಡಲೇ ಅದನ್ನು ಬರೆದಿಡುವ ಪುಸ್ತಕಕ್ಕೆ ಡೆಡ್ ಸ್ಟಾಕ್ ರಿಜಿಸ್ಟರ್ ಎಂದು ಹೆಸರು. ಹೆಸರಿಗೆ ತಕ್ಕಂತೆ ನಡೆದುಕೊಳ್ಳುವ ಶಾಲೆಗಳು ಕಡಿಮೆಯೇನಿಲ್ಲ. ಬೀರುವಿಗೆ ಹೋದ ಲ್ಯಾಪ್‌ಟಾಪ್ ಹೊರಗೆ ಬರುವುದು ಆಯುಧ ಪೂಜೆಗೆ, ಇಲ್ಲವೇ ತಪಾಸಣೆಗೆ. ಆಯುಧ ಪೂಜೆಯ ಕುಂಕುಮವನ್ನು ಕೀಬೋರ್ಡಿನ ಸಂದಿಯಿಂದ ತೆಗೆಯಲು ಮತ್ತೆ ಒಬ್ಬ ವಿದ್ಯಾರ್ಥಿಯನ್ನೇ ಕೂರಿಸುತ್ತಾರೆ, ಅದು ಬಿಡಿ. ಬೀಗ ಹಾಕಿ ಇಟ್ಟರೆ ವಸ್ತು ಉಳಿಯುತ್ತದೆ ಎಂಬುದು ತಾಮ್ರದ ಹಂಡೆಗೆ ಸರಿ. ಲಿಥಿಯಂ ಬ್ಯಾಟರಿ ಸುಮ್ಮನೆ ಇಟ್ಟರೂ ತನ್ನಷ್ಟಕ್ಕೆ ಇಳಿಯುತ್ತದೆ. ಪೂರ್ತಿ ಇಳಿದು ತಿಂಗಳುಗಟ್ಟಲೆ ಹಾಗೇ ಇದ್ದರೆ ಮತ್ತೆ ಚಾರ್ಜನ್ನೇ ಹಿಡಿಯದಿರಬಹುದು. ಬಹುದಿನ ಇಡಬೇಕಿದ್ದರೆ ಅರ್ಧದಷ್ಟು ಚಾರ್ಜ್ ಮಾಡಿ, ತಂಪಾದ ಜಾಗದಲ್ಲಿಟ್ಟು, ಎರಡು ಮೂರು ತಿಂಗಳಿಗೊಮ್ಮೆ ತೆಗೆದು ನೋಡಬೇಕು. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ತಗಡಿನ ಚಾವಣಿಯ ಕೋಣೆ, ಅದರೊಳಗೆ ಕಬ್ಬಿಣದ ಬೀರು, ಅದರೊಳಗೆ ಲ್ಯಾಪ್‌ಟಾಪ್, ಎರಡು ತಿಂಗಳ ರಜೆ. ಜೂನಿನಲ್ಲಿ ತೆಗೆದಾಗ ಆನ್ ಆಗದಿದ್ದರೆ ಅದನ್ನು ಕೆಡಿಸಿದ ವಿದ್ಯಾರ್ಥಿ ಯಾರು? ಯಾರೂ ಮುಟ್ಟೇ ಇಲ್ಲವಲ್ಲ.

ಹೆಡ್‌ಮಾಸ್ತರುಗಳನ್ನೇ ಖಳರು ಮಾಡುವುದು ನಮ್ಮ ಉದ್ದೇಶವಲ್ಲ. ಅವರ ಹೆದರಿಕೆಯ ಬೇರು ಬೇರೆ ಕಡೆ ಇದೆ. ಲೆಕ್ಕಪರಿಶೋಧನೆಯಲ್ಲಿ ಒಂದು ವಸ್ತು ಕಡಿಮೆ ಬಿದ್ದರೆ ಮೊದಲು ಉತ್ತರ ಕೊಡಬೇಕಾದವರು ಅವರು. ನಿವೃತ್ತಿಯ ಹೊತ್ತಿಗೆ ಬೇಬಾಕಿ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ಪಿಂಚಣಿ ಕಡತ ನಿಲ್ಲುತ್ತದೆ. ನಾವು ಮಾತಾಡಿಸಿದ ಒಬ್ಬ ಹಿರಿಯ ಹೆಡ್‌ಮಾಸ್ತರು ನೇರವಾಗಿಯೇ ಹೇಳಿದರು, ಬಳಸಿ ಕೆಟ್ಟರೆ ನಾನು ಸಿಕ್ಕಿಹಾಕಿಕೊಳ್ಳುತ್ತೇನೆ, ಬಳಸದೆ ಕೆಟ್ಟರೆ ಯಾರೂ ಕೇಳುವುದಿಲ್ಲ ಎಂದು. ಇಡೀ ವ್ಯವಸ್ಥೆ ಹಾಗೆ ಇದೆ. ಮೇಲಿನವರು ಡಿಡಿಪಿಐ ಮೇಲೆ, ಅವರು ಬಿಇಒ ಮೇಲೆ, ಬಿಇಒ ಹೆಡ್‌ಮಾಸ್ತರ ಮೇಲೆ, ಹೆಡ್‌ಮಾಸ್ತರು ಮಕ್ಕಳ ಮೇಲೆ. ಮಕ್ಕಳ ಕೆಳಗೆ ಯಾರೂ ಇಲ್ಲ, ಆದ್ದರಿಂದ ಮುಚ್ಚಳಿಕೆ ಅಲ್ಲಿಗೆ ಬಂದು ನಿಂತಿದೆ. ಅದೇ ಹೊತ್ತಿಗೆ ದೊಡ್ಡ ಕಚೇರಿಗಳ ಕಂಪ್ಯೂಟರುಗಳಿಗೆ ವಾರ್ಷಿಕ ನಿರ್ವಹಣಾ ಗುತ್ತಿಗೆ ಇರುತ್ತದೆ, ಯುಪಿಎಸ್ ಇರುತ್ತದೆ. “ಸರ್ವರ್ ಇಲ್ಲ, ನಾಳೆ ಬನ್ನಿ” ಎಂದು ನಾಡಕಚೇರಿಯಲ್ಲಿ ಹೇಳಿಸಿಕೊಂಡು ವಾಪಸು ಬಂದ ರೈತನಿಗೆ ಅಲ್ಲಿಯ ಯಾರೂ ಒಂದು ದಿನದ ಕೂಲಿ ಕಟ್ಟಿಕೊಟ್ಟಿಲ್ಲ.

ಇನ್ನು ಮನೆಗೆ ಬರುವ ಲ್ಯಾಪ್‌ಟಾಪ್. ಇದರ ಬಗ್ಗೆ ಊರಿನಲ್ಲಿ ಓಡಾಡದವರು ಬಹಳ ಸುಲಭವಾಗಿ ಮಾತಾಡುತ್ತಾರೆ. ಒಂದೇ ಕೋಣೆಯ ಮನೆಯಲ್ಲಿ ಅದನ್ನು ಇಡುವುದೆಲ್ಲಿ? ಕೌದಿಯ ಮೇಲಿಟ್ಟರೆ ಕೆಳಗಿನ ಗಾಳಿಕಿಂಡಿ ಮುಚ್ಚಿ ಬಿಸಿಯಾಗುತ್ತದೆ. ಗೂಡಿನಲ್ಲಿಟ್ಟರೆ ಇಲಿ ಚಾರ್ಜರಿನ ವೈರು ಕಡಿಯುತ್ತದೆ. ಮಳೆಗಾಲದಲ್ಲಿ ಸೋರದ ಮೂಲೆಗೆ ಮೊದಲು ಜೋಳದ ಚೀಲ ಹೋಗಬೇಕು. ಮನೆಮಂದಿ ಗುಳೆ ಹೋದರೆ ಬೀಗ ಹಾಕಿದ ಮನೆಯಲ್ಲಿ ನಾಲ್ಕು ತಿಂಗಳು ಬಿಡಬೇಕೋ, ಗೋವಾದ ಕಾಮಗಾರಿಯ ಶೆಡ್ಡಿಗೆ ಒಯ್ಯಬೇಕೋ? ಒಯ್ದರೆ ಕಳುವಾಗುತ್ತದೆ, ಬಿಟ್ಟರೆ ಕೆಡುತ್ತದೆ.

ಹುಡುಗಿಯರದ್ದು ಇನ್ನೂ ಬೇರೆ ಕತೆ. ಸಹಿ ತಂಗಿಯದು, ಬಳಕೆ ಅಣ್ಣನದು. ಅವಳು ಅಡುಗೆ ಮುಗಿಸಿ, ಎಮ್ಮೆಗೆ ಮೇವು ಹಾಕಿ, ಅಸೈನ್‌ಮೆಂಟ್ ಬರೆಯಲು ಬಂದಾಗ ಲ್ಯಾಪ್‌ಟಾಪ್ ಅಣ್ಣನ ಗೆಳೆಯರ ಕೋಣೆಯಲ್ಲಿರುತ್ತದೆ. ಅದರಲ್ಲಿ ಸಿನಿಮಾ ತುಂಬಿ, ಪೆನ್‌ಡ್ರೈವಿನಿಂದ ವೈರಸ್ ಬಂದು, ಕೊನೆಗೆ ಅದು ಕೆಟ್ಟಾಗ ಹೆಸರು ಅವಳದ್ದು. “ಹೆಣ್ಣುಮಕ್ಕಳಿಗೆ ಇವೆಲ್ಲ ಯಾಕೆ ಬೇಕಿತ್ತು” ಎಂಬ ಮಾತೂ ಅವಳಿಗೇ. ಹಂಚಿಕೆಯ ದಿನ ಪೋಷಕರನ್ನು ಕರೆಸಿ ಹಾರ ಹಾಕಿಸಿಕೊಳ್ಳುವ ಕಾಲೇಜು, ಅದೇ ಹೊತ್ತಿನಲ್ಲಿ ಅಣ್ಣ-ತಮ್ಮಂದಿರನ್ನೂ ಕೂರಿಸಿಕೊಂಡು ಇದು ಇವಳ ಓದಿಗೆ ಕೊಟ್ಟದ್ದು, ಪಾಸ್‌ವರ್ಡ್ ಇವಳದ್ದೇ ಎಂದು ಹೇಳಲು ಹತ್ತು ನಿಮಿಷ ಸಾಕು. ಹಾಗೆ ಹೇಳಿದ ಒಂದೇ ಒಂದು ಸಭೆಯನ್ನು ನಾವು ವರದಿ ಮಾಡಿಲ್ಲ, ಏಕೆಂದರೆ ನಡೆದಿಲ್ಲ.

ಹಾಗೆಂದು ವಿದ್ಯಾರ್ಥಿ ಗೆಳೆಯರ ಬೆನ್ನು ತಟ್ಟಿ ಕಳಿಸಲು ನಾವು ತಯಾರಿಲ್ಲ. ಮುಚ್ಚಳದ ಒಂದು ಮೂಲೆ ಹಿಡಿದು ಲ್ಯಾಪ್‌ಟಾಪ್ ಎತ್ತುವವರನ್ನು ನೋಡಿದ್ದೇವೆ. ಚೂಡಾ ತಿನ್ನುತ್ತ ಟೈಪ್ ಮಾಡುವವರನ್ನು, ಬಸ್ಸಿನ ಮೇಲಿನ ಕ್ಯಾರಿಯರಿಗೆ ಬ್ಯಾಗ್ ಎಸೆಯುವವರನ್ನು, ಯಾವುದೋ ಗೇಮಿಗಾಗಿ ಸಿಕ್ಕಸಿಕ್ಕ ಕಡೆಯಿಂದ ಸಾಫ್ಟ್‌ವೇರ್ ಇಳಿಸಿಕೊಳ್ಳುವವರನ್ನೂ ನೋಡಿದ್ದೇವೆ. ಇದಕ್ಕೆಲ್ಲ ಬಡತನ ಕಾರಣವಲ್ಲ. ಬೀಜ ಗೊಬ್ಬರಕ್ಕೆಂದು ಅಪ್ಪ ಅಡವಿಟ್ಟರೆ ಅದರ ಸಂಕಟ ನಮಗೆ ಅರ್ಥವಾಗುತ್ತದೆ, ಹೊಸ ಮೊಬೈಲಿಗೆಂದು ಮಾರಿದವನ ಬಗ್ಗೆ ಹೇಳಲು ನಮ್ಮ ಹತ್ತಿರ ಒಳ್ಳೆಯ ಮಾತಿಲ್ಲ. ಅಂಥ ಒಬ್ಬನಿಂದ ಹತ್ತು ಜನರ ಮೇಲೆ ಮುಚ್ಚಳಿಕೆಯ ಬಿಗಿ ಹೆಚ್ಚುತ್ತದೆ. ಕೆಟ್ಟ ದಿನವೇ ಲಿಖಿತವಾಗಿ ತಿಳಿಸಿ ಅದರ ನಕಲು ಇಟ್ಟುಕೊಳ್ಳುವುದು, ಬರೆದ ಪ್ರಾಜೆಕ್ಟಿನ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಉಳಿಸುವುದು, ಮಿಂಚು ಗುಡುಗು ಇರುವಾಗ ಪ್ಲಗ್ ಕಿತ್ತಿಡುವುದು, ಇವಕ್ಕೆ ದುಡ್ಡು ಬೇಕಿಲ್ಲ.

ಆದರೆ ಇವನ್ನು ಯಾರಾದರೂ ಕಲಿಸಬೇಕಲ್ಲ. ಕಲಿಸಿದರೆ ಏನಾಗುತ್ತದೆ ಎಂದು ನೋಡಲು ಬಹಳ ದೂರ ಹೋಗಬೇಕಿಲ್ಲ, ತಲಪಾಡಿ ದಾಟಿದರೆ ಸಾಕು. ಕೇರಳದಲ್ಲಿ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೈಟ್ ಎಂಬ ಸರ್ಕಾರಿ ಸಂಸ್ಥೆ 2018ರಲ್ಲಿ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಐಟಿ ಕ್ಲಬ್ಬುಗಳನ್ನು ಶುರುಮಾಡಿತು. ಎಂಟನೇ ತರಗತಿಯಲ್ಲಿ ಅಭಿರುಚಿ ಪರೀಕ್ಷೆ ನಡೆಸಿ ಮಕ್ಕಳನ್ನು ಆರಿಸಿಕೊಳ್ಳುತ್ತಾರೆ. ಆನಿಮೇಶನ್, ಎಲೆಕ್ಟ್ರಾನಿಕ್ಸ್, ಸೈಬರ್ ಸುರಕ್ಷತೆಯ ಜೊತೆಗೆ ಹಾರ್ಡ್‌ವೇರ್ ಕೂಡ ಕಲಿಸುತ್ತಾರೆ, ಮತ್ತು ತಮ್ಮ ಶಾಲೆಯ ಲ್ಯಾಪ್‌ಟಾಪ್, ಪ್ರೊಜೆಕ್ಟರುಗಳ ಉಸ್ತುವಾರಿಯಲ್ಲಿ ಈ ಮಕ್ಕಳಿಗೆ ಪಾಲಿದೆ. ಚೆನ್ನಾಗಿ ಮಾಡಿದವರಿಗೆ ಎಸ್ಸೆಸ್ಸೆಲ್ಸಿಯಲ್ಲಿ ಗ್ರೇಸ್ ಅಂಕವೂ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದೇ ವ್ಯವಸ್ಥೆಯೊಳಗೆ ಓದುತ್ತಾರೆ, ಅವರ ಐಟಿ ಪಠ್ಯಪುಸ್ತಕ ಕನ್ನಡದಲ್ಲೇ ಬರುತ್ತದೆ. ಶಾಲೆಗಳಿಗೆ ಉಪಕರಣ ಕೊಳ್ಳುವಾಗಲೇ ಐದು ವರ್ಷದ ವಾರಂಟಿಯನ್ನೂ ವಿಮೆಯನ್ನೂ ಸೇರಿಸಿಕೊಂಡರು. ನಮ್ಮ ಮಾಹಿತಿ ಸಿಂಧುವಿನ ಹೊತ್ತಿಗೇ ಅವರ ಐಟಿ ಅಟ್ ಸ್ಕೂಲ್ ಕೂಡ ಶುರುವಾದದ್ದು. ಕೇರಳ ಚಿಕ್ಕ ರಾಜ್ಯ, ಅಲ್ಲಿಯ ಪರಿಸ್ಥಿತಿ ಬೇರೆ ಎಂಬ ಉತ್ತರ ನಮಗೆ ಗೊತ್ತು. ಮಂಜೇಶ್ವರದ ಹುಡುಗಿಗೆ ಸ್ಕ್ರೂಡ್ರೈವರ್ ಹಿಡಿಯಲು ಬರುತ್ತದೆ, ಮಾನ್ವಿಯ ಹುಡುಗಿಗೆ ಬರುವುದಿಲ್ಲ ಎಂದು ಹೇಳುವವರು ಎದುರಿಗೆ ಬಂದು ಹೇಳಲಿ.

ದೂರದ ಒಂದು ಉದಾಹರಣೆಯನ್ನೂ ಹೇಳಬೇಕು, ಏಕೆಂದರೆ ಅದು ದುಡ್ಡಿನ ಲೆಕ್ಕಕ್ಕೆ ಸಂಬಂಧಿಸಿದ್ದು. ದಕ್ಷಿಣ ಅಮೆರಿಕದ ಉರುಗ್ವೆ 2007ರಲ್ಲಿ ಶುರುಮಾಡಿ 2009ರ ಹೊತ್ತಿಗೆ ತನ್ನ ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳಿಗೆಲ್ಲ ಒಂದೊಂದು ಪುಟ್ಟ ಲ್ಯಾಪ್‌ಟಾಪ್ ಕೊಟ್ಟು ಮುಗಿಸಿತು. ಸ್ವಲ್ಪ ದಿನದಲ್ಲೇ ಕೆಟ್ಟು ಕೂತವುಗಳ ಸಮಸ್ಯೆ ಎದ್ದಿತು. ರಿಪೇರಿಯ ಖರ್ಚು, ರಿಪೇರಿಯ ದೂರ ಎರಡೂ ಬಡ ಮನೆಗಳಿಗೇ ಹೆಚ್ಚು ಹೊರೆಯಾದವು. ಅವರು ರಿಪೇರಿ ವಾಹನಗಳನ್ನೇ ಊರೂರಿಗೆ ಕಳಿಸಿದರು. ನಮ್ಮಲ್ಲಿ ಲ್ಯಾಪ್‌ಟಾಪಿನ ಅಧಿಕೃತ ಸರ್ವಿಸ್ ಸೆಂಟರು ಸಾಮಾನ್ಯವಾಗಿ ಜಿಲ್ಲಾ ಕೇಂದ್ರದಲ್ಲಿ. ಹೋಗಿ ಬರುವ ಬಸ್ ಚಾರ್ಜು, ಒಂದು ದಿನದ ಕೂಲಿ, “ಎರಡು ವಾರ ಬಿಟ್ಟು ಬನ್ನಿ” ಎಂದರೆ ಮತ್ತೊಂದು ದಿನದ ಕೂಲಿ. ಅದಕ್ಕೇ ಹುಡುಗರು ಹತ್ತಿರದ ಮೊಬೈಲ್ ಅಂಗಡಿಗೆ ಕೊಡುತ್ತಾರೆ, ಹೊರಗಿನವರು ಬಿಚ್ಚಿದ್ದಾರೆಂದು ವಾರಂಟಿ ಹೋಗುತ್ತದೆ. ಹಳ್ಳಿ ಹಳ್ಳಿಗೆ ಪಶು ಆಸ್ಪತ್ರೆಯ ಗಾಡಿ ಬರುವ ರಾಜ್ಯದಲ್ಲಿ, ತಿಂಗಳಿಗೊಂದು ದಿನ ಹೋಬಳಿಗೊಬ್ಬ ಮೆಕ್ಯಾನಿಕ್ಕನ್ನು ಕಳಿಸುವುದು ಅಸಾಧ್ಯವೇನಲ್ಲ. ಪಕ್ಕದಲ್ಲೇ ಐಟಿಐ ಇರುತ್ತದೆ, ಪಾಲಿಟೆಕ್ನಿಕ್ ಇರುತ್ತದೆ, ಅಲ್ಲಿಯ ಹುಡುಗರಿಗೆ ಪ್ರಾಯೋಗಿಕ ಕಲಿಕೆಗೆ ಕೆಟ್ಟ ಯಂತ್ರಗಳೇ ಸಿಗುವುದಿಲ್ಲ.

ನಾವು ಮುಚ್ಚಳಿಕೆಯೇ ಬೇಡ ಎನ್ನುತ್ತಿಲ್ಲ. ಎರಡೂ ಕಡೆಯವರು ಸಹಿ ಹಾಕುವ ಹಾಳೆಯಾಗಲಿ. ಹುಡುಗಿಯ ಸಾಲುಗಳ ಪಕ್ಕದಲ್ಲಿ ಸಂಸ್ಥೆಯ ಸಾಲುಗಳೂ ಇರಲಿ: ವಾರಂಟಿಯ ದಿನಾಂಕ, ದೂರು ಕೊಡುವ ಜಾಗ, ಸರಿಮಾಡುವ ಗಡುವು, ಸವೆತಕ್ಕೆ ದಂಡವಿಲ್ಲ ಎಂಬ ಮಾತು. ಲ್ಯಾಬಿನ ಬೀರುವಿನ ಒಂದು ಕೀಲಿ ಹತ್ತನೇ ತರಗತಿಯ ಇಬ್ಬರು ವಿದ್ಯಾರ್ಥಿಗಳ ಕೈಯಲ್ಲಿರಲಿ, ಅವರು ಬರೆಯುವ ದಿನಚರಿ ಪುಸ್ತಕವೂ ಇರಲಿ. ಟಿ.ಸಿ.ಗೂ ಲ್ಯಾಪ್‌ಟಾಪಿಗೂ ಗಂಟು ಹಾಕುವುದು ಇಂದೇ ನಿಲ್ಲಲಿ.

ಅಲ್ಲಿಯವರೆಗೆ ಒಂದು ಕೆಲಸ ಮಾಡಬಹುದು. ನಿಮ್ಮ ಶಾಲೆ ಅಥವಾ ಕಾಲೇಜು ಸರ್ಕಾರಿಯಾಗಿದ್ದರೆ ಅಲ್ಲಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು, ಆದ್ದರಿಂದ ಉದ್ದ ಪೀಠಿಕೆ ಬೇಡ. ಕಳೆದ ಐದು ವರ್ಷಗಳಲ್ಲಿ ಸಂಸ್ಥೆಗೆ ಬಂದ ಲ್ಯಾಪ್‌ಟಾಪ್, ಟ್ಯಾಬ್‌ಗಳು ಎಷ್ಟು, ಇಂದು ಎಷ್ಟು ಕೆಲಸ ಮಾಡುತ್ತಿವೆ ಎಂದು ಕೇಳಿ. ವಾರಂಟಿ ಅವಧಿಯೊಳಗೆ ಕಂಪನಿಗೆ ಕೊಟ್ಟ ದೂರುಗಳ ಪ್ರತಿ ಕೇಳಿ. ಹಾನಿಯ ಹೆಸರಿನಲ್ಲಿ ವಿದ್ಯಾರ್ಥಿಗಳಿಂದ ವಸೂಲು ಮಾಡಿದ ಮೊತ್ತ, ಅದರ ರಸೀದಿಗಳು, ಹಾಗೆ ವಸೂಲು ಮಾಡಲು ಅನುಮತಿಸಿದ ಆದೇಶದ ಪ್ರತಿ ಕೇಳಿ. ಯಾಕೆ ಕೇಳುತ್ತಿದ್ದೀರಿ ಎಂದು ಹೇಳುವ ಅಗತ್ಯವಿಲ್ಲ, ಕಾಯ್ದೆಯಲ್ಲೇ ಹಾಗಿದೆ. ಮೂವತ್ತು ದಿನದೊಳಗೆ ಉತ್ತರ ಬರಬೇಕು. ಓದುತ್ತಿರುವ ಹುಡುಗರ ಹೆಸರಿನಲ್ಲಿ ಹಾಕಬೇಡಿ, ಊರಿನ ಹಿರಿಯರು ಯಾರಾದರೂ ಹಾಕಲಿ. ಇಂಟರ್ನಲ್ ಮಾರ್ಕ್ಸ್ ಯಾರ ಕೈಲಿದೆ ಎಂಬುದು ನಮಗೂ ಗೊತ್ತು. ಬಂದ ಉತ್ತರದ ಒಂದು ಪ್ರತಿಯನ್ನು ನಮಗೆ ಕಳುಹಿಸಿ, ಅದರಲ್ಲಿ ವಿದ್ಯಾರ್ಥಿಗಳ ಹೆಸರಿದ್ದರೆ ಮಸಿ ಬಳಿದು ಕಳುಹಿಸಿ.